ಸಮುದ್ರ ದೂರ ಮಕ್ಕಳೇ, ತಲಕಾಡಿಗೆ ಹೋಗೋಣ

ರಜೆ ಶುರುವಾಗುವ ಮೊದಲೇ ನಮ್ಮ ಮನೆಯಲ್ಲಿ ರಾಗ ಶುರುವಾಗುತ್ತದೆ. ‘ಅಪ್ಪಾ, ಬೀಚ್‌ಗೆ ಹೋಗೋಣ.’ ಮಕ್ಕಳಿಗೇನು, ಹೇಳಿಬಿಡುತ್ತಾರೆ. ಮೈಸೂರಿನಿಂದ ಮಂಗಳೂರಿಗೆ ಹತ್ತಿರ ಹತ್ತಿರ 250 ಕಿಲೋಮೀಟರ್. ನಡುವೆ ಮಡಿಕೇರಿಯ ತಿರುವುಗಳು, ಚಿಕ್ಕವನ ವಾಂತಿ, ಅಮ್ಮನ ಸೊಂಟನೋವು. ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವ ಮಾತೇ ಅಲ್ಲ.

ಹಾಗಾಗಿ ನಾವು ಐದಾರು ವರ್ಷದಿಂದ ತಲಕಾಡಿಗೆ ಹೋಗುತ್ತಿದ್ದೇವೆ. ಮೈಸೂರಿನಿಂದ ಸುಮಾರು 45 ಕಿಲೋಮೀಟರ್, ಅಷ್ಟೇ. ಮರಳಿದೆ, ಮರಗಳಿವೆ, ನೀರಿದೆ. ಅಲೆ ಒಂದಿಲ್ಲ. ಮಕ್ಕಳು ಅದನ್ನು ಕೇಳುವುದೂ ಇಲ್ಲ. ಆದರೆ ಮೊದಲ ಸಲ ನಾವು ಎಲ್ಲವನ್ನೂ ತಿರುಗಾಮುರುಗಾ ಮಾಡಿದ್ದೆವು. ತಲಕಾಡಿನಲ್ಲಿ ಏನು ನೋಡುತ್ತೀರಿ ಅನ್ನುವುದಕ್ಕಿಂತ ಯಾವುದನ್ನು ಯಾವ ಹೊತ್ತಿಗೆ ನೋಡುತ್ತೀರಿ ಅನ್ನುವುದು ದೊಡ್ಡದು. ಅದಕ್ಕೇ ಇದನ್ನು ಗಂಟೆ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನ ಗೊತ್ತು ಮಾಡಿ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ನಾವು ಸಾಮಾನ್ಯವಾಗಿ ಕ್ರಿಸ್‌ಮಸ್ ರಜೆಯಲ್ಲಿ, ಹಬ್ಬದ ದಿನ ಬಿಟ್ಟು, ವಾರದ ನಡುವೆ ಹೋಗುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಜನ ಹೋಗದೇ ಇಲ್ಲ. ಆದರೆ ಆ ಬಿಸಿಲಿಗೆ ಮರಳು ಹುರಿಯೋ ಬಾಣಲೆ ಇದ್ದ ಹಾಗೆ.

ಮಳೆಗಾಲದಲ್ಲಿ ಮಾತ್ರ ನದಿಗೆ ಇಳಿಯುವ ಯೋಚನೆಯೇ ಬೇಡ. ಕಪಿಲೆ, ಅಂದರೆ ಕಬಿನಿ, ಬಂದು ಕಾವೇರಿಗೆ ಸೇರುವುದು ಟಿ. ನರಸೀಪುರದಲ್ಲಿ. ತಲಕಾಡು ಇರುವುದು ಅದರ ಕೆಳಗೆ. ಅಂದರೆ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೂ ಇಲ್ಲಿಗೇ ಬರುತ್ತದೆ, ಕಬಿನಿ ಅಣೆಕಟ್ಟಿನಿಂದ ಬಿಟ್ಟರೂ ಇಲ್ಲಿಗೇ ಬರುತ್ತದೆ. ತಲಕಾಡಿನಲ್ಲಿ ಒಂದು ಹನಿ ಮಳೆ ಇಲ್ಲದೆ ಬಿಸಿಲು ಹೊಡೆಯುತ್ತಿರಬಹುದು. ವಯನಾಡಿನಲ್ಲೋ ಕೊಡಗಿನಲ್ಲೋ ಸುರಿದ ಮಳೆ ಸಾಕು, ನದಿ ಏರುತ್ತದೆ. ನೀರು ಬಿಡುತ್ತಾರೆ, ದಂಡೆಯ ಜನ ಎಚ್ಚರವಾಗಿರಿ ಅಂತ ಸುದ್ದಿ ಬಂದರೆ ಆ ವಾರ ಮನೆಯಲ್ಲೇ ಇದ್ದುಬಿಡಿ.

ಕಾರ್ತಿಕ ಸೋಮವಾರಗಳು, ಅಮಾವಾಸ್ಯೆ, ಶಿವರಾತ್ರಿ ದಿನ ಜನ ಜಾಸ್ತಿ. ದರ್ಶನವೇ ಮುಖ್ಯವಾದರೆ ಆವತ್ತೇ ಹೋಗಿ. ಮಕ್ಕಳನ್ನು ಆಡಿಸಬೇಕಾದರೆ ಬೇಡ. ಕಾರ್ತಿಕದಲ್ಲಿ ತಿಥಿ, ನಕ್ಷತ್ರ ಕೂಡಿ ಬಂದ ವರ್ಷ ಪಂಚಲಿಂಗ ದರ್ಶನ, ಅಂದರೆ ಇಲ್ಲಿನ ಐದು ಶಿವನ ಗುಡಿಗಳ ದರ್ಶನ, ನಡೆಯುತ್ತದೆ. 2020ರ ಡಿಸೆಂಬರ್‌ನಲ್ಲಿ ನಡೆದಿತ್ತು. ಅಂಥ ವರ್ಷ ಇಡೀ ಸೀಮೆಯೇ ಅಲ್ಲಿರುತ್ತದೆ.

ಹಿಂದಿನ ರಾತ್ರಿ ಬ್ಯಾಗಿಗೆ ಹಾಕಬೇಕಾದ್ದು

ಎಲ್ಲರೂ ಟವೆಲ್, ಬಟ್ಟೆ, ಟೋಪಿ ತರುತ್ತಾರೆ. ಅದನ್ನು ಬಿಡಿ. ನಾನು ಹೇಳುವುದು ಮರೆತುಹೋಗುವ ಸಾಮಾನಿನ ಬಗ್ಗೆ.

ಹಳೆಯ ಹತ್ತಿ ಸಾಕ್ಸ್, ಪ್ರತಿಯೊಬ್ಬರಿಗೂ ಒಂದು ಜೊತೆ. ತೂತಾಗಿದ್ದರೂ ಪರವಾಗಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಚಪ್ಪಲಿ ಹಾಕಿಟ್ಟುಕೊಳ್ಳಲು ಒಂದು ಬಟ್ಟೆ ಚೀಲ. ಅಜ್ಜಿಯ ಹಳೆಯ ಸೀರೆ ಒಂದು. ಎರಡು ಮರಕ್ಕೆ ಕಟ್ಟಿದರೆ ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಮರೆಯಾಗುತ್ತದೆ, ನೆಲಕ್ಕೆ ಹಾಸಿದರೆ ಊಟಕ್ಕೆ ಚಾಪೆ. ಕೂಸಿನ ಪೌಡರ್ ಡಬ್ಬಿ. ಒದ್ದೆ ಕಾಲಿಗೆ ಅಂಟಿದ ಮರಳನ್ನು ಎಷ್ಟು ಒರೆಸಿದರೂ ಹೋಗುವುದಿಲ್ಲ. ಒರೆಸಿ, ಒಣಗಿದ ಮೇಲೆ ಸ್ವಲ್ಪ ಪೌಡರ್ ಉದುರಿಸಿ ಉಜ್ಜಿ. ಉದುರಿಹೋಗುತ್ತದೆ.

ಇನ್ನೊಂದು, ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಐದು ಲೀಟರ್ ಕ್ಯಾನು, ಅದರ ಹಿಡಿಗೆ ಕಟ್ಟಿದ ಹತ್ತು ಮೀಟರ್ ನೈಲಾನ್ ಹಗ್ಗ. ನಮ್ಮವಳು ಇದನ್ನು ನೋಡಿದಾಗಲೆಲ್ಲ, ‘ಏನ್ರೀ, ಬಾವಿ ನೀರು ಸೇದೋಕೆ ಹೊರಟಿದ್ದೀರಾ?’ ಅಂತ ನಗುತ್ತಾಳೆ. ನಗಲಿ. ಯಾರಾದರೂ ನೀರಿನಲ್ಲಿ ಸಿಕ್ಕಿಕೊಂಡರೆ ದಡದಲ್ಲಿ ನಿಂತೇ ಎಸೆಯಬಹುದಾದ ವಸ್ತು ಅದೊಂದೇ.

ಊಟದ ವಿಷಯ. ಪುಳಿಯೋಗರೆ ಕೆಡುವುದಿಲ್ಲ, ಕೈಯಲ್ಲೇ ತಿನ್ನಬಹುದು. ಮೊಸರನ್ನವನ್ನು ಮೊಸರಿನಲ್ಲಿ ಕಲಸಿದರೆ ಹನ್ನೊಂದು ಗಂಟೆಗೇ ಹುಳಿ ಬರುತ್ತದೆ. ಅನ್ನವನ್ನು ಮೆತ್ತಗೆ ಮಾಡಿ, ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ, ಒಂದೇ ಒಂದು ಚಮಚ ಮೊಸರು ಸೇರಿಸಿ. ಊಟದ ಹೊತ್ತಿಗೆ ಸರಿಯಾಗಿ ಹೆಪ್ಪಾಗಿರುತ್ತದೆ. ಡಬ್ಬಿ ಸ್ಟೀಲಿನದ್ದೇ ಇರಲಿ, ಕ್ಲಿಪ್ ಇರುವಂಥದ್ದು. ದೇವಸ್ಥಾನದ ಸುತ್ತ ಕೋತಿಗಳಿವೆ. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಮರದಿಂದ ಇಳಿದು ಬರುತ್ತವೆ.

ಆರು ಗಂಟೆಗೆ ಮನೆ ಬಿಡಿ

ಆರೂವರೆ ಅಂದರೆ ಏಳೂವರೆ ಆಗುತ್ತದೆ. ಅದಕ್ಕೇ ಆರು. ದಾರಿ ಸುಲಭ. ವರುಣಾ ಮೇಲೆ ಟಿ. ನರಸೀಪುರ, ಅಲ್ಲಿಂದ ತಲಕಾಡಿನ ರಸ್ತೆ. ತಿಂಡಿ, ಶೌಚಾಲಯ ಎರಡನ್ನೂ ಟಿ. ನರಸೀಪುರದಲ್ಲೇ ಮುಗಿಸಿಕೊಳ್ಳಿ. ಬಸ್ಸಿನಲ್ಲಿ ಹೋಗುವವರೂ ಟಿ. ನರಸೀಪುರಕ್ಕೆ ಹೋಗಿ ಬಸ್ಸು ಬದಲಿಸಬಹುದು. ತಲಕಾಡಿಗೆ ಮುಂಚೆ ಮುಡುಕುತೊರೆ ಬೆಟ್ಟ ಸಿಗುತ್ತದೆ. ಮೇಲೆ ಮಲ್ಲಿಕಾರ್ಜುನ, ಪಂಚಲಿಂಗಗಳಲ್ಲಿ ಒಬ್ಬ. ಮಕ್ಕಳ ಜೊತೆ ಹೋಗುವಾಗ ನಾವು ಕೆಳಗಿನಿಂದಲೇ ಕೈ ಮುಗಿಯುತ್ತೇವೆ.

ಚಳಿಗಾಲದಲ್ಲಿ ಈ ರಸ್ತೆಗಳಲ್ಲಿ ಒಂದು ಅಪಾಯವಿದೆ. ರೈತರು ಹುರುಳಿ ಗಿಡವನ್ನು ಕಿತ್ತು ತಂದು ರಸ್ತೆ ಮೇಲೆ ಹಾಸಿರುತ್ತಾರೆ. ವಾಹನ ಓಡಾಡಿದರೆ ಒಕ್ಕಣೆ ಆಯಿತು ಅಂತ. ಬಸ್ಸು ಲಾರಿಗೆ ಅದು ಲೆಕ್ಕಕ್ಕಿಲ್ಲ. ಕಾರಿಗೆ ಹಾಗಲ್ಲ. ಆ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಬಿಸಿಗೆ ಹೊಗೆಯಾಡಿ, ಬೆಂಕಿ ಹತ್ತಿದ್ದೂ ಉಂಟು. ಪಕ್ಕದಲ್ಲಿ ಜಾಗವಿದ್ದರೆ ತಪ್ಪಿಸಿ. ಇಲ್ಲದಿದ್ದರೆ ನಿಧಾನವಾಗಿ ದಾಟಿ, ಮುಂದೆ ಒಂದು ಸಲ ನಿಲ್ಲಿಸಿ ಬಗ್ಗಿ ನೋಡಿ. ಸುತ್ತಿಕೊಂಡಿದ್ದರೆ ಎಳೆದು ತೆಗೆಯಿರಿ.

ಮೊದಲು ಗುಡಿ, ಆಮೇಲೆ ನದಿ

ಇಲ್ಲೇ ಎಲ್ಲರೂ ತಪ್ಪುವುದು. ನಾವೂ ತಪ್ಪಿದ್ದೆವು. ಮೊದಲ ವರ್ಷ ಹನ್ನೊಂದಕ್ಕೆ ತಲುಪಿ, ಮಕ್ಕಳ ಕಾಟಕ್ಕೆ ಸೀದಾ ನೀರಿಗೆ ಇಳಿದೆವು. ಒಂದೂವರೆಗೆ ಊಟ ಮುಗಿಸಿ ದೇವರ ದರ್ಶನಕ್ಕೆ ಅಂತ ಬರಿಗಾಲಲ್ಲಿ ಹೊರಟೆವು. ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಮಗಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯತೊಡಗಿದಳು. ನಾನು ಆಟ ಅಂದುಕೊಂಡೆ. ಎತ್ತಿಕೊಂಡು ನೋಡಿದರೆ ಎರಡೂ ಅಂಗಾಲು ಟೊಮೆಟೊ ಹಣ್ಣಿನ ಹಾಗೆ ಕೆಂಪಗಾಗಿತ್ತು. ಚಪ್ಪಲಿ ಅಲ್ಲೆಲ್ಲೋ ಹಿಂದೆ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನು ಕುಣಿದೆ. ಅಷ್ಟೆಲ್ಲ ಮಾಡಿ ಗುಡಿಗೆ ಹೋದರೆ ಮಧ್ಯಾಹ್ನದ ಬಾಗಿಲು ಹಾಕಿದ್ದರು.

ಅದಕ್ಕೆ ಏಳೂಕಾಲಿಗೆ ತಲುಪಿದ ತಕ್ಷಣ ಗುಡಿಗಳ ಕಡೆ ಹೊರಡಿ. ಆ ಹೊತ್ತಿಗೆ ಮರಳು ತಣ್ಣಗೆ, ಸ್ವಲ್ಪ ತೇವವಾಗಿಯೂ ಇರುತ್ತದೆ. ಬರಿಗಾಲಲ್ಲಿ ನಡೆಯುವುದೇ ಒಂದು ಸುಖ. ಬಿಸಿಲು ಏರಿದ ಮೇಲೆ ಸಾಕ್ಸ್ ಹಾಕಿಸಿ. ಚಪ್ಪಲಿಯನ್ನು ಚೀಲದಲ್ಲಿ ಜೊತೆಗೇ ಇಟ್ಟುಕೊಳ್ಳಿ. ಯಾಕೆಂದರೆ ಹೋದ ದಾರಿಯಲ್ಲೇ ವಾಪಸ್ ಬರುತ್ತೀರಿ ಅಂತ ಏನೂ ಇಲ್ಲ. ಇಷ್ಟಾದರೂ ಕಾಲು ಸುಟ್ಟರೆ ತಣ್ಣೀರಿನಲ್ಲಿ ಹತ್ತಿಪ್ಪತ್ತು ನಿಮಿಷ ಇಡಿ. ಟೂತ್‌ಪೇಸ್ಟ್, ಬೆಣ್ಣೆ ಏನೂ ಬೇಡ.

ವೈದ್ಯೇಶ್ವರನ ಗುಡಿಯಿಂದ ಶುರು ಮಾಡಿ. ದೊಡ್ಡ ಕಲ್ಲಿನ ಗುಡಿ, ಬಾಗಿಲಲ್ಲಿ ಎತ್ತರದ ದ್ವಾರಪಾಲಕರು. ಮಕ್ಕಳಿಗೆ ಇಲ್ಲಿ ಹೇಳುವುದಕ್ಕೆ ಒಳ್ಳೆಯ ಕತೆ ಇದೆ. ತಲ, ಕಾಡ ಅಂತ ಇಬ್ಬರು ಬೇಡರು. ಆನೆಗಳು ಒಂದು ಮರಕ್ಕೆ ಪೂಜೆ ಮಾಡುವುದನ್ನು ನೋಡಿ, ಏನಿದೆ ಇದರಲ್ಲಿ ಅಂತ ಕೊಡಲಿ ಹಾಕಿದರಂತೆ. ಮರದಿಂದ ರಕ್ತ ಬಂತು. ಅದೇ ಮರದ ಎಲೆ ಹಚ್ಚಿ ಅಂತ ಒಳಗಿಂದ ದನಿ ಬಂತು. ಹಚ್ಚಿದರು, ಗಾಯ ವಾಸಿಯಾಯಿತು. ತನಗೆ ತಾನೇ ಔಷಧಿ ಹೇಳಿಕೊಂಡ ಶಿವ ವೈದ್ಯೇಶ್ವರ ಆದ. ಬೇಡರಿಬ್ಬರ ಹೆಸರು ಊರಿಗೆ ಬಂತು.

ಅಲ್ಲಿಂದ ಮರಳ ದಿಬ್ಬ ಶುರು. ಪಾತಾಳೇಶ್ವರ, ಮರುಳೇಶ್ವರ, ಕೀರ್ತಿನಾರಾಯಣ ಗುಡಿಗಳು ಮರಳಿನ ನಡುವಿನ ಹಳ್ಳಗಳಲ್ಲಿವೆ. ಮರಳು ತೆಗೆದು ಹೊರಗೆ ಕಾಣಿಸಿದ ಗುಡಿಗಳು. ಮೆಟ್ಟಿಲು ಇಳಿದು ಹೋಗಬೇಕು. ಮಂಡಿನೋವಿರುವ ಹಿರಿಯರಿಗೆ ಪಾತಾಳೇಶ್ವರ ಕಷ್ಟ, ಮೇಲೆ ನಿಂತೇ ನೋಡಲಿ. ಕೀರ್ತಿನಾರಾಯಣನನ್ನು ಮಾತ್ರ ಬಿಡಬೇಡಿ. ಗಂಗರ ರಾಜಧಾನಿಯಾಗಿದ್ದ ತಲಕಾಡು ಚೋಳರ ಕೈಗೆ ಹೋಗಿತ್ತು. ಹೊಯ್ಸಳ ವಿಷ್ಣುವರ್ಧನ ಅವರನ್ನು ಸೋಲಿಸಿ, ತಲಕಾಡುಗೊಂಡ ಅನ್ನಿಸಿಕೊಂಡು, 1117ರಲ್ಲಿ ಕಟ್ಟಿಸಿದ ಗುಡಿ ಅದು.

ಮರಳು ಹೇಗೆ ಬಂತು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಎರಡು ಉತ್ತರ ಇಟ್ಟುಕೊಂಡಿರಿ. ಒಂದು ಅಲಮೇಲಮ್ಮನದು. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ಶ್ರೀರಂಗರಾಯನ ಹೆಂಡತಿ ಅವಳು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡ ಮೇಲೆ, ಅವಳ ಒಡವೆಗೆ ಆಳುಗಳನ್ನು ಕಳಿಸಿದರು. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಅಂತ ಶಾಪ ಹಾಕಿ ಅವಳು ಹೊಳೆಗೆ ಹಾರಿದಳು ಅನ್ನುವ ಕತೆ. ಇನ್ನೊಂದು ನದಿಯದು. ಕಾವೇರಿ ಇಲ್ಲಿ ತಿರುವು ತೆಗೆದುಕೊಳ್ಳುತ್ತದೆ. ತಿರುವಿನಲ್ಲಿ ನೀರು ಮರಳು ಬಿಟ್ಟುಹೋಗುತ್ತದೆ, ನದಿ ಇಳಿದಾಗ ಗಾಳಿ ಅದನ್ನು ಊರಿನ ಕಡೆ ತೂರುತ್ತದೆ. ನದಿಯ ಮೇಲ್ಭಾಗದಲ್ಲಿ ಮಾಧವಮಂತ್ರಿ ಅಣೆ ಕಟ್ಟಿದ ಮೇಲೆ ನದಿಯ ಪಾತ್ರ ಒಣಗಿ, ಮರಳು ಹಾರುವುದು ಜಾಸ್ತಿಯಾಯಿತು ಅಂತಲೂ ಹೇಳುತ್ತಾರೆ. ನನ್ನ ಮಗಳಿಗೆ ಎರಡನೆಯದೇ ಇಷ್ಟ. ಅಮ್ಮನಿಗೆ ಮೊದಲನೆಯದು. ನೀಲಗಿರಿ ಮರಗಳ ನಡುವೆ ನಡೆಯುತ್ತಾ ಇಬ್ಬರೂ ಪ್ರತಿ ಸಲ ಜಗಳ ಆಡುತ್ತಾರೆ. ಆ ಮರಗಳ ಬೇರು ಕೆಲವು ಕಡೆ ಮರಳಿನಿಂದ ಹೊರಗೆ ಬಂದಿರುತ್ತದೆ. ದಿಬ್ಬ ಹಾರಿಹೋಗದೆ ನಿಂತಿರುವುದು ಅವುಗಳ ಹಿಡಿತದಿಂದ. ಜಾರುವ ಆಟಕ್ಕೆ ಬೇರಿಲ್ಲದ ಇಳಿಜಾರು ಹುಡುಕಿ.

ನದಿಯ ಹತ್ತಿರ

ಒಂಬತ್ತೂವರೆ ಸುಮಾರಿಗೆ ನದಿ ದಂಡೆಗೆ ಬನ್ನಿ. ಕಾರನ್ನು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ. ನೀರಿನ ಪಕ್ಕಕ್ಕೇ ಒಯ್ಯುತ್ತೇನೆ ಅಂತ ಮರಳಿಗೆ ಇಳಿಸಿದರೆ ಮುಗಿಯಿತು, ನಾಲ್ಕು ಜನ ತಳ್ಳಬೇಕು.

ಈಗ ನೀರಿನ ಮಾತು. ಇದನ್ನು ಸುಮ್ನೆ ಹೆದರಿಸಲು ಬರೆಯುತ್ತಿಲ್ಲ. ತಲಕಾಡಿನಲ್ಲಿ ಈಜಲು ಹೋಗಿ ಮುಳುಗಿದ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಸಮುದ್ರ ಮುನ್ಸೂಚನೆ ಕೊಡುತ್ತದೆ. ಅಲೆ ಕಾಣುತ್ತದೆ, ಸದ್ದು ಕೇಳುತ್ತದೆ. ನದಿ ಹಾಗಲ್ಲ. ಮೇಲೆ ನೋಡಿದರೆ ಕನ್ನಡಿ.

ಎರಡನೇ ವರ್ಷ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ತಳ ಕಾಣುತ್ತಿತ್ತು, ನನ್ನ ಹೆಬ್ಬೆರಳೂ ಕಾಣುತ್ತಿತ್ತು. ಮಗನ ಚೆಂಡು ಒಂದು ಮಾರು ದೂರ ತೇಲಿಹೋಯಿತು. ತರೋಣ ಅಂತ ಒಂದು ಹೆಜ್ಜೆ ಇಟ್ಟೆ. ಹಿಮ್ಮಡಿಯ ಕೆಳಗಿನ ಮರಳು ಸರ್‍ ಅಂತ ಜಾರಿತು, ಯಾರೋ ಚಾಪೆ ಎಳೆದ ಹಾಗೆ. ನೀರು ಎದೆಗೆ ಬಂತು. ಹಿಂದಕ್ಕೆ ಹೆಜ್ಜೆ ಇಡಲು ಹೋದರೆ ಅಲ್ಲೂ ಮರಳು ಜಾರುತ್ತಿದೆ. ಅಷ್ಟು ಹೊತ್ತಿಗೆ ತೆಪ್ಪದವನೊಬ್ಬ ಕೂಗಿದ: ‘ಸಾ, ಮುಂದ್ಕೆ ಓಗಬ್ಯಾಡಿ, ಅಲ್ಲಿ ಮಡ ಅದೆ! ಮಕ್ಕೊಂಡು ಕೈ ಬಡೀರಿ!’ ಹಾಗೇ ಹೊಟ್ಟೆ ಮೇಲೆ ಮಲಗಿ, ಕೈ ಬಡಿದು ದಡಕ್ಕೆ ಬಂದೆ. ಚೆಂಡು ಹೋಯಿತು.

ಅವತ್ತಿನಿಂದ ನಮ್ಮ ಮನೆಯ ಕಟ್ಟಳೆ ಇದು. ದಂಡೆಗೆ ಹೋದ ಕೂಡಲೇ ತೆಪ್ಪದವರನ್ನೋ ಅಂಗಡಿಯವರನ್ನೋ ಕೇಳುವುದು, ‘ಅಣ್ಣ, ಮಕ್ಕಳು ಆಡೋಕೆ ಯಾವ ಕಡೆ ಒಳ್ಳೇದು?’ ಅಂತ. ಹೋದ ವರ್ಷ ಆಡಿದ ಜಾಗ ಈ ವರ್ಷ ಹಾಗೇ ಇರುವುದಿಲ್ಲ. ಪ್ರತಿ ಪ್ರವಾಹಕ್ಕೂ ನದಿ ತಳ ಬದಲಾಗುತ್ತದೆ. ಆಮೇಲೆ ನಾನು ಕೋಲು ಊರಿಕೊಂಡು ಒಂದು ಸುತ್ತು ನಡೆದು ನೋಡುತ್ತೇನೆ. ಮಕ್ಕಳಿಗೆ ಅವರವರ ಮೊಣಕಾಲೇ ಗಡಿ. ದೊಡ್ಡವರಿಗೂ ಅಷ್ಟೇ. ಒಬ್ಬರು ಒಣಗಿದ ಬಟ್ಟೆಯಲ್ಲಿ ದಡದಲ್ಲಿ ನಿಲ್ಲಬೇಕು, ಕೈಯಲ್ಲಿ ಫೋನ್ ಇರಬಾರದು, ಕಣ್ಣು ಮಕ್ಕಳ ಮೇಲೆ. ಅರ್ಧ ಗಂಟೆಗೊಮ್ಮೆ ಪಾಳಿ ಬದಲು. ಚೆಂಡು, ಚಪ್ಪಲಿ, ಟೋಪಿ ತೇಲಿಹೋದರೆ ಹೋಗಲಿ ಬಿಡಿ. ನೀರು ಇದ್ದಕ್ಕಿದ್ದಂತೆ ಕೆಂಪಗಾದರೆ, ಕಸಕಡ್ಡಿ ತೇಲಿಬಂದರೆ, ನೀವು ಗುರುತಿಟ್ಟ ಕಲ್ಲು ಮುಳುಗಿದರೆ ಎಲ್ಲರೂ ಮೇಲೆ ಬನ್ನಿ. ಮೇಲಿಂದ ನೀರು ಬರುತ್ತಿದೆ ಅಂತ ಅರ್ಥ. ಕುಡಿದವರ ಗುಂಪು ಪಕ್ಕದಲ್ಲಿದ್ದರೆ ಜಾಗ ಬದಲಿಸಿ, ಅವರಿಗೆ ಬುದ್ಧಿ ಹೇಳಲು ಹೋಗಬೇಡಿ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಕೈ ಹಿಡಿಯಲು ಹೋದವರೂ ಹೋಗಿಬಿಡುವುದು ಹೀಗೇ. ಕ್ಯಾನು ಎಸೆಯಿರಿ. ಸೀರೆ, ಪಂಚೆ, ದುಪ್ಪಟ್ಟ, ಕೈಗೆ ಸಿಕ್ಕಿದ್ದನ್ನು ಚಾಚಿ. ತೆಪ್ಪದವರನ್ನು ಕೂಗಿ. ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತುತ್ತಾ ಕೂರಬೇಡಿ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಎದೆ ಒತ್ತಿ. ಇನ್ನೊಬ್ಬರು 112 ಅಥವಾ 108ಕ್ಕೆ ಫೋನ್ ಮಾಡಲಿ.

ಒರತೆ ತೋಡುವ ಆಟ

ಇಷ್ಟು ಕಟ್ಟುನಿಟ್ಟಾದರೆ ಮಕ್ಕಳಿಗೆ ಏನು ಮಜಾ ಅಂತ ಕೇಳಬಹುದು. ನಿಜ ಹೇಳಲಾ, ಅವರು ನೀರಿನಲ್ಲಿ ಅರ್ಧ ಗಂಟೆ ಇರುತ್ತಾರೆ, ಮರಳಲ್ಲಿ ಎರಡು ಗಂಟೆ. ನದಿಯಿಂದ ಹತ್ತು ಹೆಜ್ಜೆ ಮೇಲೆ, ಮರದ ನೆರಳಿರುವ ಕಡೆ ಕೈಯಿಂದ ಒಂದು ಗುಂಡಿ ತೋಡಿಸಿ. ಮೇಲಿನ ಮರಳು ಬಿಸಿ, ಒಣ. ಒಂದು ಗೇಣು ಹೋದರೆ ತಂಪು. ಇನ್ನೂ ಒಂದು ಗೇಣು ತೋಡಿ ಸುಮ್ಮನೆ ಕಾಯಿರಿ. ತಳದಲ್ಲಿ ಮರಳು ಮೊದಲು ಕಪ್ಪಾಗುತ್ತದೆ, ಆಮೇಲೆ ಹೊಳೆಯುತ್ತದೆ, ಆಮೇಲೆ ಬಟ್ಟಲಷ್ಟು ನೀರು ತಾನೇ ಬಂದು ನಿಲ್ಲುತ್ತದೆ. ಮೊದಲ ನೀರು ಕದಡಿರುತ್ತದೆ. ಎರಡು ಸಲ ಮೊಗೆದು ಚೆಲ್ಲಿದರೆ ತಿಳಿಯಾಗುತ್ತದೆ. ನಮ್ಮಜ್ಜಿ ಕಾಲದಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹೊಳೆಯಲ್ಲಿ ಒರತೆ ತೋಡುತ್ತಿದ್ದದ್ದು ಹೀಗೇ. ಈಗ ಕುಡಿಯಲು ಬೇಡ. ಗುಂಡಿ ಮಕ್ಕಳ ಮೊಣಕಾಲಿಗಿಂತ ಆಳ ಹೋಗಬಾರದು, ಅಂಚು ಕುಸಿಯುತ್ತದೆ. ಹೊರಡುವಾಗ ಮುಚ್ಚಿಸಿ, ಕತ್ತಲಲ್ಲಿ ದನವೋ ಜನವೋ ಕಾಲಿಟ್ಟಾರು.

ತೆಪ್ಪದಲ್ಲಿ ಒಂದು ಸುತ್ತು ಹೋಗಬಹುದು. ಹತ್ತುವ ಮೊದಲೇ ದುಡ್ಡು ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಮಕ್ಕಳ ಅಳತೆಯದ್ದು ಇಲ್ಲ ಅಂದರೆ ಬೇಡ ಅಂತ ಬಂದುಬಿಡಿ. ಒಳಗೆ ಎಲ್ಲರೂ ಸುತ್ತ ಕೂರಬೇಕು, ಫೋಟೊಗೆ ಅಂತ ಎದ್ದು ನಿಲ್ಲಬಾರದು. ತಿರುಗಿಸಲಾ ಅಂತ ಅಂಬಿಗ ಕೇಳುತ್ತಾನೆ. ತಿಂಡಿ ತಿಂದು ಎಷ್ಟು ಹೊತ್ತಾಯಿತು ಅಂತ ನೋಡಿಕೊಂಡು ಹೂಂ ಅನ್ನಿ.

ಹನ್ನೆರಡಕ್ಕೆ ಮರದ ಕೆಳಗೆ ಊಟ. ಮೀನು ತಿನ್ನುವವರಿಗೆ ದಂಡೆಯ ಅಂಗಡಿಗಳಲ್ಲಿ ಖಾರ ಹಚ್ಚಿ ಕರಿದುಕೊಡುತ್ತಾರೆ. ಎದುರಿಗೇ ಎಣ್ಣೆಗೆ ಹಾಕಿಸಿಕೊಂಡು ಬಿಸಿಯದ್ದೇ ತಿನ್ನಿ. ಊಟ ಆದ ಮೇಲೆ ಮತ್ತೆ ನೀರಿಗೆ ಬಿಡಬೇಡಿ. ಸುಸ್ತಾದ ಮಕ್ಕಳು, ಉರಿ ಬಿಸಿಲು, ನಿದ್ದೆಗಣ್ಣಿನ ದೊಡ್ಡವರು. ಮೂರೂ ಸೇರಬಾರದು.

ವಾಪಸ್ ಬರುವಾಗ

ಎರಡು ಗಂಟೆಗೆ ಹೊರಟರೆ ಸೋಮನಾಥಪುರ, ಬನ್ನೂರು ಮೇಲೆ ಬರಬಹುದು. ಸೋಮನಾಥ ದಂಡನಾಯಕ ಹದಿಮೂರನೇ ಶತಮಾನದಲ್ಲಿ ಮಾಡಿಸಿದ ಕೇಶವ ದೇವಾಲಯ ಈಗ ಯುನೆಸ್ಕೊ ಪಟ್ಟಿಯಲ್ಲಿದೆ, 2023ರಲ್ಲಿ ಸೇರಿತು. ಹೊರಗೋಡೆಯ ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರು ಕೆತ್ತಿದೆ. ಯಾರು ಮೊದಲು ಹುಡುಕುತ್ತೀರಿ ಅಂತ ಪಂದ್ಯ ಕಟ್ಟಿದರೆ ಅರ್ಧ ಗಂಟೆ ಮಕ್ಕಳ ಸದ್ದಿರುವುದಿಲ್ಲ. ಅವರು ಕಾರು ಹತ್ತಿದ ಕೂಡಲೇ ಮಲಗಿದರೆ ಎಬ್ಬಿಸಬೇಡಿ, ಸೀದಾ ಮನೆಗೆ ಬನ್ನಿ. ಸೋಮನಾಥಪುರ ಎಲ್ಲೂ ಹೋಗುವುದಿಲ್ಲ.

ಕತ್ತಲಾಗುವ ಮೊದಲು ಮೈಸೂರು ಸೇರಿ. ಬನ್ನೂರು ಕಡೆ ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರ್ ಎಳೆದುಕೊಂಡು ಹೋಗುತ್ತಿರುತ್ತವೆ. ಎಷ್ಟೋ ಟ್ರೈಲರಿಗೆ ಹಿಂದೆ ದೀಪವೇ ಇರುವುದಿಲ್ಲ. ಸಂಜೆಗತ್ತಲಲ್ಲಿ ಕಬ್ಬಿನ ಹೊರೆಯೂ ರಸ್ತೆಯೂ ಒಂದೇ ಬಣ್ಣ.

ಮನೆ ಮುಂದೆ ಒಂದು ಬಕೆಟ್ ನೀರು ಬೆಳಗ್ಗೆಯೇ ಇಟ್ಟು ಹೊರಟಿರಿ. ಎಲ್ಲರೂ ಹೊರಗೇ ಕಾಲು ತೊಳೆದು, ಪ್ಯಾಂಟಿನ ಜೇಬು ಕೊಡವಿ ಒಳಗೆ ಬರಲಿ. ಒದ್ದೆ ಬಟ್ಟೆಯನ್ನು ಸೀದಾ ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಬಕೆಟ್‌ನಲ್ಲಿ ಎರಡು ಸಲ ಜಾಲಿಸಿ, ತಳದಲ್ಲಿ ಕೂತ ಮರಳನ್ನು ಗಿಡದ ಕುಂಡಕ್ಕೆ ಸುರಿಯಿರಿ. ನಮ್ಮ ಮನೆಯ ಕರಿಬೇವಿನ ಗಿಡದ ಬುಡದಲ್ಲಿ ಈಗ ಐದು ವರ್ಷದ ತಲಕಾಡಿದೆ.